ತುಂಗಮ್ಮನ ಭಾನುವಾರಾನ್ನ

ತುಂಗಮ್ಮ ಕೂತದ್ದನ್ನು ಕಂಡವರು ಕಲ್ಕತ್ತೆಯಲ್ಲಿ ಯಾರೂ ಇರಲಿಲ್ಲ. ಫೋನಿನಲ್ಲಿ ಮಾತಾಡುವಾಗ ತಂತಿ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ನಡೆಯುತ್ತಿದ್ದರು. ಕಾರ್ಡ್‌ಲೆಸ್ ಫೋನು ಬಂದ ಮೇಲೆ ಆ ಗಡಿಯೂ ಅಳಿಸಿಹೋಯಿತು. ಧಾರಾವಾಹಿ ನೋಡುವುದು ಬಾಗಿಲಿಗೆ ಒರಗಿ, ಊಟ ಮಾಡುವುದು ಅಡುಗೆಕಟ್ಟೆಗೆ ಒರಗಿ. ರೈಲಿನಲ್ಲಿ ಊರಿಗೆ ಹೊರಟರೆ ಹೌರಾದಿಂದ ಬೆಂಗಳೂರಿನ ತನಕ ಬೋಗಿಯೊಳಗೇ ಅರ್ಧ ದಾರಿ ನಡೆದುಬಿಡುತ್ತಿದ್ದರು. “ನಿನಗೆ ರೈಲ್ವೆ ಪಾಸು ದಂಡ ಕಣೇ, ಸುಮ್ನೆ ಹಳಿ ಮೇಲೇ ನಡ್ಕೊಂಡು ಬಂದ್ಬಿಡು,” ಎನ್ನುತ್ತಿದ್ದರು ಗಂಡ ಮಾದಪ್ಪ.

ಮಾದಪ್ಪ ರೈಲ್ವೆಯ ಲೆಕ್ಕಪತ್ರ ಕಚೇರಿಯವರು. ಕೂತರೆ ಏಳುವವರಲ್ಲ. ಈ ಇಬ್ಬರ ಜಾತಕ ನೋಡಿದ ಜೋಯಿಸರು ಗ್ರಹಗಳನ್ನು ಬಿಟ್ಟು ಮನೆಯಲ್ಲಿರುವ ಕುರ್ಚಿಗಳನ್ನು ಲೆಕ್ಕ ಹಾಕಿದ್ದರೆಂದು ಕಾಣುತ್ತದೆ. ಒಂದೇ ಕುರ್ಚಿಯಲ್ಲಿ ಸಂಸಾರ ನಡೆಯಿತು. ನಂಜನಗೂಡಿನ ಕಡೆಯಿಂದ ವರ್ಗವಾಗಿ ಬಂದು ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಲೇಕ್ ಗಾರ್ಡನ್ಸ್ ಸ್ಟೇಷನ್ನಿಗೆ ಹತ್ತಿರ, ಮೊದಲ ಮಹಡಿಯಲ್ಲಿ ಬಾಡಿಗೆ ಮನೆ. ಪಾಡಾದವರಿಗೆಲ್ಲ, ಅಂದರೆ ಆ ಬೀದಿಯವರಿಗೆಲ್ಲ, ತುಂಗಮ್ಮ ‘ಮಾದ್ರಾಜಿ ಬೌದಿ’, ಮದರಾಸಿನ ಅತ್ತಿಗೆ. ನಾವು ಮದರಾಸಿನವರಲ್ಲ ಎಂದು ಮೊದಮೊದಲು ತಿದ್ದಿದರು. ಆಮೇಲೆ, ಮಾದಪ್ಪನ ಹೆಂಡತಿ ಮಾದ್ರಾಜಿ ಆದರೆ ಅರ್ಧವಾದರೂ ಸರಿಯಾಯಿತಲ್ಲ ಎಂದು ಬಿಟ್ಟುಕೊಟ್ಟರು.

ಈ ನಿಲ್ಲದ ಕಾಲಿನ ಹೆಂಗಸು ಕಲ್ಕತ್ತೆಯಲ್ಲಿ ನೆಲೆನಿಂತದ್ದು ಭಾನುವಾರಗಳ ಬಲದಿಂದ. ಕನ್ನಡ ಸಂಘದ ಕಾರ್ಯದರ್ಶಿ ಹಿರಿಯಣ್ಣನವರು ಶನಿವಾರ ಸಂಜೆ ಫೋನು ಮಾಡುತ್ತಿದ್ದರು.

“ತುಂಗಮ್ಮ, ಹೊಸ ಹುಡುಗರು ಬಂದಿದಾರೆ, ಸೆಕ್ಟರ್ ಫೈವ್‌ನಲ್ಲಿ ಕೆಲಸ. ಸಾಸಿವೆ ಎಣ್ಣೆ ವಾಸನೆಗೆ ಅಳೋದೊಂದು ಬಾಕಿ. ಕಳಿಸ್ಲಾ?”

“ಕಳ್ಸಿ. ಅದಕ್ಕೇನು ಕೇಳೋದು?”

ಎಷ್ಟು ಜನವೆಂದು ಅವರು ಹೇಳುತ್ತಿರಲಿಲ್ಲ, ಇವರು ಕೇಳುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಹುಡುಗರು ಮೆಟ್ಟಿಲ ಬುಡದಲ್ಲೇ ಮೂಗರಳಿಸಿ ನಿಲ್ಲುತ್ತಿದ್ದರು. ಬಸ್ಸಾರು, ಹುರುಳಿಕಾಳು, ಮುದ್ದಾಂ ಮುದ್ದೆ. ರಾಗಿ ಹಿಟ್ಟು ಆ ಊರಿನಲ್ಲಿ ಸಿಗುವ ವಸ್ತುವಲ್ಲ. ಮೈಸೂರು ಕಡೆಯಿಂದ ಯಾರು ರೈಲು ಹತ್ತಿದರೂ ಅವರ ಚೀಲದಲ್ಲಿ ತುಂಗಮ್ಮನ ಹೆಸರಿನ ಹಿಟ್ಟು ಇರಲೇಬೇಕು ಎಂಬುದು ಅಲ್ಲಿನ ಕನ್ನಡಿಗರ ಅಲಿಖಿತ ಕಾನೂನು. ತುಂಗಮ್ಮ ಬಡಿಸುತ್ತ ಓಡಾಡುವರು, ಹುಡುಗರು ನುಂಗುತ್ತ ಕೂಡುವರು. ಸಾರಾಂಶವೆಂದರೆ, ಆ ಮನೆಯಲ್ಲಿ ಸಾರೇ ಮುಖ್ಯ ಅಂಶ.

ಒಂದೇ ಒಂದು ನಿಯಮ ಆ ಮನೆಯಲ್ಲಿತ್ತು: ಉಣ್ಣುವವರನ್ನು ಎಣಿಸಬಾರದು. ಅತ್ತೆ ಹೇಳಿಕೊಟ್ಟದ್ದು. ಎಲೆ ಎಣಿಸಿದರೆ ಅನ್ನ ಮುನಿಸಿಕೊಳ್ಳುತ್ತದೆ ಎಂದು ಆಕೆ ನಂಬಿದ್ದರು, ಸೊಸೆಯೂ ನಂಬಿದರು. ಇಡೀ ಹಗಲು ಕಚೇರಿಯಲ್ಲಿ ಎಣಿಸಿ ಬರುವ ಮಾದಪ್ಪನಿಗೂ ಭಾನುವಾರ ಒಪ್ಪೊತ್ತು ಎಣಿಕೆಗೆ ರಜೆ.

ಆಮೇಲೆ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಎದ್ದವು. ಮೊದಲು ತಿಂಗಳಿಗೆ ಇಬ್ಬರು ಬರುತ್ತಿದ್ದ ಕನ್ನಡದ ಹುಡುಗರು ವಾರಕ್ಕೆ ಒಂದು ಹಿಂಡು ಬರತೊಡಗಿದರು. ಹಿರಿಯಣ್ಣನವರ ಫೋನು ಬಿಸಿಯಾಯಿತು, ತಲೆಯೂ. ಊಟ ಹಾಕುವ ಕನ್ನಡದ ಮನೆಗಳು ಇನ್ನೂ ಹಲವಿದ್ದವು; ಒಂದು ಭಾನುವಾರ ಒಂದೇ ಮನೆಗೆ ಎಲ್ಲರನ್ನೂ ಕಳಿಸಿ, ಇನ್ನೊಂದು ಮನೆಗೆ ಯಾರನ್ನೂ ಕಳಿಸದೆ, ಎರಡು ಕಡೆಯೂ ಬೈಸಿಕೊಂಡರು. 

ಆಗ ಎದ್ದು ನಿಂತವನು ವಿನಾಯಕ. ಮೂವತ್ತರ ಹುಡುಗ, ಸೆಕ್ಟರ್ ಫೈವ್‌ನಲ್ಲೇ ಪ್ರೋಗ್ರಾಮರ್, ಕಲ್ಕತ್ತೆಗೆ ಬಂದ ಮೊದಲ ವಾರವೇ ತುಂಗಮ್ಮನ ಮುದ್ದೆ ನುಂಗಿದವನು. ಸಂಘಕ್ಕೆ ವರ್ಡ್‌ಪ್ರೆಸ್ಸಿನಲ್ಲಿ ಒಂದು ಜಾಲತಾಣ ಮಾಡಿಕೊಟ್ಟಿದ್ದ. ಅದರಲ್ಲೇ ಊಟದ ಏರ್ಪಾಡಿಗೂ ಒಂದು ಫಾರ್ಮು ಮಾಡುತ್ತೇನೆಂದ. ಊಟ ಹಾಕುವವರು ತಮ್ಮ ಮನೆಯ ವಿವರ ತುಂಬುವುದು, ಉಣ್ಣುವವರು ತಮಗೆ ಬೇಕಾದ ಏರಿಯಾ ಒತ್ತಿದರೆ ಅಲ್ಲಿನ ಮನೆಗಳ ಪಟ್ಟಿ ತಾನಾಗಿ ತೆರೆದುಕೊಳ್ಳುವುದು, ಒಂದನ್ನು ಆರಿಸುವುದು. ಹಾಗೆ ಪಟ್ಟಿಯನ್ನು ಆಯಾ ಹೊತ್ತಿಗೆ ತುಂಬುವ ಒಂದು ಪ್ಲಗಿನ್ನನ್ನು ತಾನೇ ಬರೆಯುತ್ತೇನೆ, ಅಂಗಡಿ ಮಾಲು ಬೇಡ ಎಂದ.

“ಪ್ಲಗ್ಗು ಅಂದ್ಮೇಲೆ ಶಾಕ್ ಹೊಡೆಯೋದಿಲ್ವೇನಪ್ಪ?” ಎಂದರು ಮಾದಪ್ಪ. ರಾಜ್ಯೋತ್ಸವದ ಸಭೆ ನಕ್ಕಿತು.

“ಹಿಂದೆ ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೇಲಿ ಉಂಡು ಓದ್ತಾ ಇದ್ರು, ಅದು ವಾರಾನ್ನ,” ಎಂದು ಹಿರಿಯಣ್ಣನವರು ಮೈಕು ಹಿಡಿದರು. “ಈಗಿನವರು ಕೈತುಂಬ ಸಂಬಳ ತಗೊಂಡೂ ಹಸಿದಿದಾರೆ. ಇದು ಭಾನುವಾರಾನ್ನ!”

ಹೆಸರು ಅಂಟಿಕೊಂಡಿತು.

ಸಭೆಯಿಂದ ಮನೆಗೆ ಬಂದ ರಾತ್ರಿಯೇ ಮಗಳು ಪ್ರೇರಣಾ ಕಂಪ್ಯೂಟರಿನ ಮುಂದೆ ಕೂತಳು. ಹನ್ನೊಂದನೆಯ ತರಗತಿ, ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಬರುವಾಗ ಮಾತ್ರ ದಾರಿಯಲ್ಲಿ ಹಿಂದಿ ಇಂಗ್ಲಿಷಿನವರನ್ನೂ ಹತ್ತಿಸಿಕೊಂಡು ಬರುತ್ತಿತ್ತು. ಹೆಸರು ತುಂಬಿದಳು, ಏರಿಯಾ ತುಂಬಿದಳು, ಸ್ಟೇಷನ್ನಿನಿಂದ ದಾರಿ ತುಂಬಿದಳು.

“ಅಮ್ಮಾ, ‘ಎಷ್ಟು ಜನಕ್ಕೆ ಜಾಗ’ ಅಂತ ಕೇಳ್ತಿದೆ. ಕ್ಯಾ ಲಿಖೂಂ?”

“ಬರೋರಿಗೆ ಲೆಕ್ಕ ಇಡ್ತಾರೇನೇ? ಎಷ್ಟು ಜನ ಬರ್ತಾರೋ ಅಷ್ಟು ಜನಕ್ಕೆ.”

“ಅರೇ, ಅದು ನಂಬರ್ ಮಾತ್ರ ತಗೊಳತ್ತೆ. ವರ್ಡ್ಸ್ ಹಾಕಿದ್ರೆ ಕೆಂಪಗಾಗತ್ತೆ.”

“ಅದು ಕೆಂಪಗಾಗ್ಲಿ ಹಸಿರಾಗ್ಲಿ, ನಮ್ಮನೇಲಿ ಎಣಿಸಲ್ಲ. ಬಿಟ್ಬಿಡು ಹಾಗೇ.”

ಬಿಟ್ಟಳು. ಫಾರ್ಮು ತಕರಾರಿಲ್ಲದೆ ಹೋಯಿತು. ಕಾಳಿಯ ಊರಿನಲ್ಲಿ ಒಂದು ಕಾಲಂ ಖಾಲಿ ಉಳಿಯಿತು; ಯಾರೂ ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಮೊದಲ ಭಾನುವಾರ ಯಾರೂ ಬರಲಿಲ್ಲ. ಹೊಸದಲ್ಲವೇ, ಹುಡುಗರಿಗೆ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡರು. ಎರಡನೆಯ ಭಾನುವಾರ ಬಾಲ್ಕನಿಯಿಂದ ಅಡುಗೆಮನೆಗೂ ಅಡುಗೆಮನೆಯಿಂದ ಬಾಲ್ಕನಿಗೂ ನಡೆದರು. ಬಜ್‌ಬಜ್ ಕಡೆಯ ಗಾಡಿ ಬಂತು, ಸಿಯಾಲ್ದಾ ಕಡೆಯ ಗಾಡಿ ಬಂತು, ಜನ ಇಳಿದರು, ಯಾರೂ ಕತ್ತೆತ್ತಿ ನೋಡಲಿಲ್ಲ. ಮಾಡಿದ ಮುದ್ದೆಯನ್ನು ಸೋಮವಾರ ಮಾದಪ್ಪ ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದರು. ಮೂರನೆಯ ಭಾನುವಾರ ಕಳೆದ ಮೇಲೆ ತುಂಗಮ್ಮನಿಗೆ ನಿದ್ದೆ ಕೆಟ್ಟಿತು.

ತನ್ನ ಮನೆ ಬೇಡವಾಯಿತೇ? ಈ ಪ್ರಶ್ನೆ ಕಾಲಿಗೆ ಸುತ್ತಿಕೊಂಡ ಮೇಲೆ ಅವರು ಮೊದಲಿಗಿಂತ ಎರಡರಷ್ಟು ಓಡಾಡಿದರು. ಸಾರಿಗೆ ಉಪ್ಪು ಹೆಚ್ಚಾಗಿತ್ತೇ? ದುರ್ಗಾಪೂಜೆಯ ರಜೆಗೆ ಮುಂಚೆ ಬಂದಿದ್ದ ಕೋಲಾರದ ಹುಡುಗನಿಗೆ ‘ಏನಪ್ಪ, ಹೊಟ್ಟೆ ಬಂದಿದೆ’ ಎಂದದ್ದು ತಪ್ಪಾಯಿತೇ? ಇನ್ನೊಬ್ಬನಿಗೆ ಮದುವೆ ಯಾವಾಗ ಎಂದು ಮೂರು ಸಲ ಕೇಳಿದ್ದೆನೇ? ಹಳೆಯ ಊಟಗಳನ್ನೆಲ್ಲ ಒಂದೊಂದಾಗಿ ತೆಗೆದು ಕೊಡವಿ ನೋಡಿದರು. ಎಲ್ಲದರಲ್ಲೂ ಒಂದೊಂದು ತಪ್ಪು ಸಿಕ್ಕಿತು.

“ವಿನಾಯಕನ್ನ ಕೇಳಿಬಿಡೇ,” ಎಂದರು ಮಾದಪ್ಪ.

“ಏನಂತ? ನಮ್ಮನೆಗೆ ಊಟಕ್ಕೆ ಜನ ಕಳ್ಸು ಅಂತ ಭಿಕ್ಷೆ ಬೇಡಲಾ?”

ಬೇಡಲಿಲ್ಲ. ಅದರ ಬದಲು ಸುಳ್ಳು ಹೇಳಿದರು. ದಕ್ಷಿಣೇಶ್ವರದಲ್ಲಿ ಗೆಳತಿ ಮಹಾಲಕ್ಷ್ಮಿ ಇದ್ದರು. ಧಾರವಾಡದವರು, ಗಂಡ ಸರ್ಕಾರಿ ಬ್ಯಾಂಕಿನಲ್ಲಿ. ಅವರ ಮನೆಯ ರೊಟ್ಟಿ ಎಣ್ಣೆಗಾಯಿಗೂ ತುಂಗಮ್ಮನ ಮುದ್ದೆ ಬಸ್ಸಾರಿಗೂ ವರ್ಷಗಳಿಂದ ಸಿಹಿಯಾದ ಪೈಪೋಟಿ. ಭಾನುವಾರ ಸಂಜೆ ಫೋನಿನಲ್ಲಿ ವರದಿ ಒಪ್ಪಿಸುವುದು ಇಬ್ಬರ ರೂಢಿ.

“ಅಯ್ಯ ತುಂಗಕ್ಕಾ, ಏನ್ ಹೇಳ್ಲಿ ನಿಮಗ! ಮನಿ ತುಂಬ ಹುಡುಗ್ರು. ರೊಟ್ಟಿ ಬಡಿದು ಬಡಿದು ಕೈ ಬಿದ್ದು ಹೋತು ನೋಡ್ರಿ.”

“ನಮ್ಮಲ್ಲೂ ಅಷ್ಟೇ ಕಣ್ರೀ. ಪಾತ್ರೆ ತಳ ಕೆರೆದು ಹೋದ್ರು.”

ಫೋನು ಇಟ್ಟು, ತುಂಬಿದ ಪಾತ್ರೆಯನ್ನು ಫ್ರಿಜ್ಜಿಗೆ ತಳ್ಳಿದರು. ಅದೇನೋ, ದಕ್ಷಿಣೇಶ್ವರದಷ್ಟು ದೂರಕ್ಕೆ ಹೋಗುವ ಹುಡುಗರಿಗೆ ಲೇಕ್ ಗಾರ್ಡನ್ಸ್ ದೂರವಾಯಿತು!

ಡಿಸೆಂಬರಿನ ಮೊದಲ ಭಾನುವಾರ ಅಡುಗೆ ಮುಗಿಸಿ ಕಾದು ಕಾದು, ಕೆರೆಯ ದಂಡೆಗೆ ಹೋಗಿ ಬರುತ್ತೇನೆಂದು ಹೊರಟರು. ಕಾಲು ತಾನಾಗಿ ಸದರ್ನ್ ಅವೆನ್ಯೂವಿಗೆ ತಿರುಗಿತು. ಅಲ್ಲಿ ಇಂದಿರಾ ಎಂಬ ಹೊಸಬರ ಮನೆ. ಗಂಡ ಯಾವುದೋ ಕಂಪನಿಯಲ್ಲಿ ದೊಡ್ಡ ಹುದ್ದೆ, ಬಂದು ಎರಡು ವರ್ಷವಾಗಿರಲಿಲ್ಲ. ಅವರ ಬಾಲ್ಕನಿಯಲ್ಲಿ ಹುಡುಗರು ತುಂಬಿದ್ದರು. ಕೈತೊಳೆದು ಕರವಸ್ತ್ರದಲ್ಲಿ ಒರೆಸುತ್ತ, ಬಿಸಿಲಿಗೆ ಮೈಯೊಡ್ಡಿ ನಗುತ್ತ ನಿಂತಿದ್ದರು. ಅವರ ನಡುವೆ ಕೋಲಾರದ ಹುಡುಗ! ಹೊಟ್ಟೆ ಇನ್ನೂ ಹಾಗೇ ಇತ್ತು.

ಅವನು ಕೆಳಗೆ ನೋಡಿದಂತಾಯಿತು. ತುಂಗಮ್ಮ ಚಕ್ಕನೆ ಫುಚ್ಕಾ ಗಾಡಿಯ ಹಿಂದೆ ಸರಿದರು. ನಮ್ಮ ಪಾನಿಪೂರಿಯ ಬಂಗಾಳಿ ಅಣ್ಣ ಈ ಫುಚ್ಕಾ. ಗಿರಾಕಿ ಬಂತೆಂದು ಗಾಡಿಯವನು ಎಲೆಯ ದೊನ್ನೆ ಕೈಗಿಟ್ಟೇಬಿಟ್ಟ. ಬೇಡವೆಂದರೆ ಗಾಡಿಯ ಮರೆ ಬಿಡಬೇಕು. ಒಂದು ಬಾಯಿಗೆ ಹಾಕಿದರು, ಇನ್ನೊಂದು ಬಂತು. ಮನೆಯಲ್ಲಿ ಹಂಡೆಯಷ್ಟು ಬಸ್ಸಾರು ತಣ್ಣಗಾಗುತ್ತಿರುವಾಗ ಬೀದಿಯಲ್ಲಿ ನಿಂತು ಹುಣಸೆನೀರು ಕುಡಿಯುವ ಹಣೆಬರಹ.

“ಆರ್ ಝಾಲ್ ದೇಬೋ, ಬೌದಿ?” ಇನ್ನೂ ಖಾರ ಹಾಕಲೇ ಎಂದ ಗಾಡಿಯವನು.

“ದಾವ್,” ಎಂದರು. ಹಾಕು. ಅತ್ತ ಜಾಲ, ಇತ್ತ ಝಾಲ್. ಕಣ್ಣಲ್ಲಿ ನೀರು ಬಂದರೆ ಖಾರದ ಮೇಲೆ ಹಾಕಬಹುದಲ್ಲ.

ಮಾದಪ್ಪನಿಗೆ ಹುಬ್ಬಳ್ಳಿಗೆ ವರ್ಗ ಸಿಗುವ ಮಾತು ಆ ಚಳಿಗಾಲ ಮತ್ತೆ ಬಂದಿತ್ತು. ಹಿಂದೆ ಎರಡು ಸಲ ಬಂದಾಗಲೂ ತುಂಗಮ್ಮ ಬೇಡವೆಂದಿದ್ದರು, ಕಾರಣ ಕೇಳಿದರೆ, “ಹುಡುಗರಿಗೆ ಊಟ ಯಾರು ಹಾಕ್ತಾರೆ?” ಈ ಸಲ ಸಾಹೇಬರು ಖಡಾಖಂಡಿತವಾಗಿ ಹೇಳಿದ್ದರು: ಕ್ರಿಸ್‌ಮಸ್ಸಿಗೆ ಮುಂಚೆ ಹೂಂ ಅನ್ನಿ ಅಥವಾ ಊಹೂಂ ಅನ್ನಿ, ಇನ್ನು ಕೇಳುವುದಿಲ್ಲ. ಮಾದಪ್ಪನಿಗೆ ಮನಸ್ಸಿತ್ತು. ಬಾಗಿಲಿಗೆ ಬರುವ ಕನ್ನಡ ಪತ್ರಿಕೆ, ಬೀದಿಯಲ್ಲಿ ಕನ್ನಡದ ಜಗಳ. ಆದರೆ ಹೆಂಡತಿಯನ್ನು ಒತ್ತಾಯಿಸುವವರಲ್ಲ. ಒತ್ತಾಯಿಸಲು ಎದ್ದು ನಿಲ್ಲಬೇಕಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವರು ಪೇಪರು ಬಿಚ್ಚುವ ಮೊದಲೇ ತುಂಗಮ್ಮ ಬಂದು ಹೇಳಿದರು:

“ಹೋಗೋಣ ರೀ.”

“ಎಲ್ಲಿಗೆ, ಬಾಜಾರಿಗಾ?”

“ಹುಬ್ಬಳ್ಳಿಗೆ.”

ಮಾದಪ್ಪ ಕನ್ನಡಕ ತೆಗೆದರು. ಇಷ್ಟು ವರ್ಷ ಕಾದ ಮಾತು ಬಂದಾಗ ಖುಷಿಯಾಗಬೇಕಿತ್ತು. ಹೆಂಡತಿಯ ಮುಖ ನೋಡಿ ಆಗಲಿಲ್ಲ. “ನಾಳೆ ಆಫೀಸಲ್ಲಿ ಹೇಳ್ಲಾ?”

“ಹೇಳಿ. ಇಲ್ಲೇನಿದೆ ನಮಗೆ?” ಎಂದವರೇ ಚಪ್ಪಲಿ ಮೆಟ್ಟಿದರು. “ದಕ್ಷಿಣೇಶ್ವರಕ್ಕೆ ಹೋಗ್ಬರ್ತೀನಿ. ಊರು ಬಿಡೋ ಮುಂಚೆ ತಾಯಿಗೊಂದು ಕೈ ಮುಗ್ದು ಬರ್ತೀನಿ.”

ಕೈ ಮುಗಿಯುವ ಉದ್ದೇಶ ಇತ್ತು, ಇಲ್ಲವೆಂದಲ್ಲ. ಆದರೆ ಮೆಟ್ರೋದಲ್ಲಿ ಹಿಡಿಕೆ ಹಿಡಿದು ನಿಂತಾಗ, ಸೀಟು ಖಾಲಿಯಿದ್ದರೂ ನಿಂತೇ ಇದ್ದರು, ಮನಸ್ಸಿನಲ್ಲಿದ್ದದ್ದು ಮಹಾಲಕ್ಷ್ಮಿಯ ಮನೆ. ಆ ಮನೆ ತುಂಬ ಹುಡುಗರನ್ನು ಒಂದು ಸಲ ಕಣ್ಣಾರೆ ನೋಡಬೇಕು. ಯಾಕೆ ನೋಡಬೇಕು ಎಂದರೆ ಹೇಳಲು ಬರುವುದಿಲ್ಲ. ನೋಯುವ ಹಲ್ಲನ್ನು ನಾಲಗೆ ಯಾಕೆ ಮುಟ್ಟಿ ಮುಟ್ಟಿ ನೋಡುತ್ತದೆ?

ದಮ್‌ದಮ್‌ನಲ್ಲಿ ಇಳಿದು, ಲೋಕಲ್ ಗಾಡಿ ಹಿಡಿದು, ದಕ್ಷಿಣೇಶ್ವರ ತಲುಪುವಾಗ ಊಟದ ಹೊತ್ತು. ಗುಡಿಯ ಸಾಲು ಗಂಗೆಯ ಮೆಟ್ಟಿಲಿನವರೆಗೆ ಬೆಳೆದಿತ್ತು. ತಾಯಿಗೆ ರಸ್ತೆಯಿಂದಲೇ ಕೈ ಮುಗಿದು ಗಲ್ಲಿಗೆ ತಿರುಗಿದರು.

ಮಹಾಲಕ್ಷ್ಮಿಯ ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ ಇತ್ತು. ಗಂಡಿನದು, ಹಳೆಯದು.

“ಅಯ್ಯ! ತುಂಗಕ್ಕಾ!” ಬಾಗಿಲು ತೆರೆದ ಮಹಾಲಕ್ಷ್ಮಿಯ ಮುಖದಲ್ಲಿ ಬಣ್ಣ ಬಂದು ಹೋಯಿತು. “ಬರ್ರಿ, ಬರ್ರಿ. ಹುಡುಗ್ರು ಈಗ ಉಂಡು ಹ್ವಾದ್ರು ನೋಡ್ರಿ. ದಾರ್ಯಾಗ ಕಂಡಿರಬೇಕಲ್ಲ?”

“ಇಲ್ಲವಲ್ಲ.”

“ಗುಡಿ ಕಡೆ ಹೋಗಿರ್ತಾರ.”

ತುಂಗಮ್ಮ ಒಳಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ, ವಾಡಿಕೆಯಂತೆ ನೇರ ಅಡುಗೆಮನೆಗೆ ನಡೆದರು. ತಟ್ಟೆಗಳು ಗೂಡಿನಲ್ಲಿ ಒಣಗಿ ಹೊಳೆಯುತ್ತಿದ್ದವು. ಎಣ್ಣೆಗಾಯಿಯ ಪಾತ್ರೆಯ ಮೇಲೆ ಎಣ್ಣೆ ಕಲಕದ ಕೆರೆಯ ಹಾಗೆ ನಿಂತಿತ್ತು. ಬಿಳಿ ಬಟ್ಟೆಯ ಕೆಳಗೆ ರೊಟ್ಟಿ, ಮೊಣಕೈ ಎತ್ತರ.

ಇಬ್ಬರೂ ಆ ರೊಟ್ಟಿಯನ್ನೇ ನೋಡಿದರು.

“ಹುಡುಗ್ರು ಭಾಳ ಕಡಿಮಿ ಉಣ್ಣತಾವ್ರಿ ಈಗಿನವು,” ಎಂದರು ಮಹಾಲಕ್ಷ್ಮಿ, ಸಣ್ಣ ದನಿಯಲ್ಲಿ.

ತುಂಗಮ್ಮನ ಬಾಯಿಗೆ ‘ನಮ್ಮಲ್ಲಿ ಹಾಗಿಲ್ಲಪ್ಪ’ ಎಂಬ ಮಾತು ಬಂದಿತ್ತು. ನುಂಗಿದರು. ಮುದ್ದೆಯಷ್ಟು ಸಲೀಸಾಗಿ ಇಳಿಯಲಿಲ್ಲ.

“ಮಹಾಲಕ್ಷ್ಮೀ, ನಮ್ಮನೆಗೆ ರಾಜ್ಯೋತ್ಸವದಿಂದ ಈಚೆಗೆ ಒಬ್ಬನೂ ಬಂದಿಲ್ಲ ಕಣ್ರೀ. ನಾನು ನಿಮಗೆ ಹೇಳಿದ್ದೆಲ್ಲ ಸುಳ್ಳು.”

ಮಹಾಲಕ್ಷ್ಮಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಅಳುತ್ತಾರೆಂದುಕೊಂಡರೆ ನಗು ಹೊರಬಿತ್ತು. “ಇಲ್ಲೂ ಯಾರೂ ಬಂದಿಲ್ರೀ ತುಂಗಕ್ಕಾ! ನಮ್ಮ ಮನಿಯವರು ಸೋಮವಾರ ರೊಟ್ಟಿ, ಮಂಗಳವಾರ ರೊಟ್ಟಿ, ಬುಧವಾರ ಒಣರೊಟ್ಟಿ ಉಂಡೂ ಉಂಡೂ, ‘ಭಾನುವಾರಾನ್ನ ಅಂದ್ರ ವಾರಪೂರ್ತಿ ಅದ ಅನ್ನ ಏನ’ ಅಂತ ಕೇಳಾಕ ಹತ್ಯಾರ.”

ನಕ್ಕರು, ಮತ್ತೆ ನಕ್ಕರು, ಆಮೇಲೆ ಇಬ್ಬರೂ ಒಂದೊಂದು ರೊಟ್ಟಿ ಹಿಡಿದು ನಿಂತೇ ತಿಂದರು. ತಿನ್ನುತ್ತ ತುಂಗಮ್ಮನಿಗೆ ಹೊಳೆಯಿತು. ಒಂದು ಮನೆಗೆ ಬರದಿದ್ದರೆ ಅದು ಮನೆಯವರ ತಪ್ಪಿರಬಹುದು. ಎರಡು ಮನೆಯ ಅಡುಗೆ ಒಂದೇ ದಿನ ಕೆಟ್ಟೀತೇ?

“ಆ ಫಾರ್ಮಿನಲ್ಲಿ ನೀವೇನು ತುಂಬಿದ್ರಿ?”

“ಎಲ್ಲಾ ತುಂಬೇನ್ರಿ. ಎಷ್ಟು ಮಂದಿ ಅಂತ ಕೇಳಿತ್ತು, ಅದನ್ನಷ್ಟ ಬಿಟ್ಟೇನಿ. ಉಣ್ಣಾಕ ಬರೋರನ್ನ ಎಣಸೂದು ಚಲೋ ಅಲ್ಲ ನೋಡ್ರಿ.”

ತುಂಗಮ್ಮ ರೊಟ್ಟಿ ಕೈಯಲ್ಲೇ ಹಿಡಿದು ಫೋನಿನ ಕಡೆ ನಡೆದರು. ಮೊದಲ ಫೋನು ಗಂಡನಿಗೆ: “ನಾಳೆ ಆಫೀಸಲ್ಲಿ ಏನೂ ಹೇಳ್ಬೇಡಿ, ಒಂದು ವಾರ ತಡೀರಿ.” ಎರಡನೆಯದು ವಿನಾಯಕನಿಗೆ.

ವಿನಾಯಕ ಮಂಗಳವಾರ ಸಂಜೆ ಕೆಲಸ ಮುಗಿಸಿ ನೇರ ಬಂದ. ಬಾಗಿಲಲ್ಲೇ ತಲೆ ತಗ್ಗಿಸಿದ್ದ.

“ಲೇಕ್ ಗಾರ್ಡನ್ಸ್ ಲಿಸ್ಟಲ್ಲಿ ಇಲ್ಲ ಅಂತ ನನಗೂ ಗೊತ್ತಿತ್ತು ಆಂಟಿ. ನೀವು ಹುಬ್ಬಳ್ಳಿಗೆ ಹೋಗೋ ಮಾತಿದೆ ಅಂತ ಅಂಕಲ್ ಹೇಳಿದ್ರಲ್ಲ, ಅದಕ್ಕೆ ನೀವೇ ನಿಲ್ಲಿಸಿದೀರ ಅಂದ್ಕೊಂಡೆ. ಕೇಳಿದ್ರೆ ಬೇಜಾರಾಗತ್ತೇನೋ ಅಂತ...”

“ನೀನು ಕೇಳಿದ್ರೆ ನಂಗೆ ಬೇಜಾರು, ನಾನು ಕೇಳಿದ್ರೆ ನಂಗೇ ಅವಮಾನ. ಚೆನ್ನಾಗಿದೆ. ಕೂತ್ಕೋ, ತೋರ್ಸು.”

ಪ್ರೇರಣಾಳ ಕಂಪ್ಯೂಟರಿನಲ್ಲಿ ಉಣ್ಣುವವರ ಫಾರ್ಮು ತೆರೆದ. ಏರಿಯಾ ಎಂಬಲ್ಲಿ ಲೇಕ್ ಗಾರ್ಡನ್ಸ್ ಒತ್ತಿದ. ಕೆಳಗಿನ ಪಟ್ಟಿ ಒಂದು ಕ್ಷಣ ಕಣ್ಣು ಮಿಟುಕಿಸಿ ಹೇಳಿತು: ‘ಇಲ್ಲಿ ಯಾವ ಮನೆಯೂ ಇಲ್ಲ.’

“ಯಾವ ಮನೆಯೂ ಇಲ್ವಾ?” ತುಂಗಮ್ಮ ಪರದೆಗೆ ಮುಖ ತಂದರು. “ನಾನು ಇಲ್ಲೇ ನಿಂತಿದೀನಲ್ಲೋ!”

“ಈ ಹೆಸರುಗಳನ್ನ ನಾನು ಟೈಪ್ ಮಾಡಿಟ್ಟಿರೋದಲ್ಲ ಆಂಟಿ. ಹುಡುಗ ಏರಿಯಾ ಒತ್ತಿದ ತಕ್ಷಣ ನನ್ನ ಪ್ಲಗಿನ್ನು ಆ ಏರಿಯಾದ ಒಂದೊಂದು ಮನೆ ಬಾಗಿಲಿಗೂ ಹೋಗಿ ಕೇಳತ್ತೆ: ಎಷ್ಟು ಜನಕ್ಕೆ ಜಾಗ, ಆಗಲೇ ಎಷ್ಟು ಜನ ಬರ್ತಿದಾರೆ? ಜಾಗ ಉಳಿದಿದ್ರೆ ಮಾತ್ರ ಮನೆ ಹೆಸರು ಪಟ್ಟಿಗೆ ತರತ್ತೆ.”

“ನಮ್ಮನೆ ಬಾಗಿಲಿಗೆ ಬಂದಾಗ?”

“ನೀವು ಏನೂ ಹೇಳ್ಲಿಲ್ಲ. ಖಾಲಿ ಇದ್ರೆ ಅದು ಸೊನ್ನೆ ಅಂತ ತಿಳ್ಕೊಂಡಿದೆ. ಸೊನ್ನೆ ಜಾಗ ಅಂದ್ರೆ, ಮನೆ ಭರ್ತಿ.”

“ಯಾರೂ ಬರದೇನೇ ಭರ್ತಿ!”

“ನಮ್ಮ ಆಫೀಸಲ್ಲಿ ಕಾಲಂ ಖಾಲಿ ಬಿಟ್ರೆ ಆಡಿಟ್‌ನವರು ಮೂರು ಪುಟ ಪ್ರಶ್ನೆ ಬರೀತಾರೆ,” ಎಂದರು ಮಾದಪ್ಪ ಕುರ್ಚಿಯಿಂದ. “ನಿನ್ನ ಪ್ಲಗ್ಗು ಒಂದು ಪ್ರಶ್ನೇನಾದ್ರೂ ಕೇಳಬಹುದಿತ್ತು.”

“ತಪ್ಪಾಯ್ತು ಅಂಕಲ್. ಖಾಲಿ ಬಿಡೋರು ಇರ್ತಾರೆ ಅಂತ ಅಂದ್ಕೊಳ್ಳಲೇ ಇಲ್ಲ.” ವಿನಾಯಕ ಕೀಬೋರ್ಡು ಎಳೆದುಕೊಂಡ. “ಆಂಟಿ, ಒಂದು ನಂಬರು ಹೇಳ್ಬಿಡಿ. ಹತ್ತು ಅಂತ ಹಾಕ್ತೀನಿ, ಈ ನಿಮಿಷ ನಿಮ್ಮ ಹೆಸರು ಬರತ್ತೆ.”

“ಹನ್ನೊಂದನೆಯವನು ಬಂದ್ರೆ?”

“ಅವನಿಗೆ ನಿಮ್ಮನೆ ಕಾಣಿಸೋದಿಲ್ಲ.”

“ಹಸ್ಕೊಂಡೋನಿಗೆ ಮನೆ ಕಾಣಿಸಲ್ಲ!” ತುಂಗಮ್ಮ ಕೋಣೆಯ ಆ ಕೊನೆಗೆ ಹೋಗಿ ಈ ಕೊನೆಗೆ ಬಂದರು. “ಮೊದಲ ವಾರ ನೀನು ಬಂದಾಗ ನಿನ್ ಹಿಂದೆ ಎಷ್ಟು ಜನ ಇದ್ರು ಹೇಳು?”

“ಗೊತ್ತಿಲ್ಲ ಆಂಟಿ.”

“ನಂಗೂ ಗೊತ್ತಿಲ್ಲ. ಅದಕ್ಕೇ ನಿನಗೆ ಊಟ ಸಿಕ್ಕಿದ್ದು.”

ವಿನಾಯಕ ಕೈಯನ್ನು ಕೀಬೋರ್ಡಿನಿಂದ ತೆಗೆದು ಕೆನ್ನೆ ಉಜ್ಜಿಕೊಂಡ. ಇಂದಿರಾ ಅವರಂಥವರು ಅಂಕಿ ಹಾಕುವುದರಲ್ಲೂ ತಪ್ಪಿಲ್ಲ. ನಾಲ್ಕೇ ಕುರ್ಚಿಯ ಮನೆಗೆ ಹತ್ತು ಜನ ನುಗ್ಗಿದರೆ ಯಾರಿಗೆ ಸುಖ? ಆ ಲೆಕ್ಕ ಹಾಗೇ ಇರಬೇಕು ಎಂದುಕೊಂಡ. ಪ್ಲಗಿನ್ನನ್ನು ತೆರೆದು ಎರಡು ಮೂರು ಸಾಲು ಬರೆದ. ಅಂಕಿ ಇದ್ದ ಮನೆಗೆ ಅಂಕಿಯಂತೆ. ಖಾಲಿ ಬಿಟ್ಟ ಮನೆ ಮಾತ್ರ ಯಾವತ್ತೂ ಪಟ್ಟಿಯಿಂದ ಇಳಿಯುವುದಿಲ್ಲ.

“ಇನ್ಮೇಲೆ ಮಿತಿ ಇರಲ್ಲ ಆಂಟಿ. ಎಲ್ಲರೂ ಇಲ್ಲಿಗೇ ಬಂದ್ರೆ ನನ್ನ ಬೈಬೇಡಿ.”

“ಒತ್ತೋ.”

ಒತ್ತಿದ. ಲೇಕ್ ಗಾರ್ಡನ್ಸ್‌ನ ಪಟ್ಟಿ ತೆರೆಯಿತು: ತುಂಗಮ್ಮ, ಸ್ಟೇಷನ್ ಹತ್ತಿರ. ದಕ್ಷಿಣೇಶ್ವರ ಒತ್ತಿದ, ಮಹಾಲಕ್ಷ್ಮಿಯ ಹೆಸರು ಎದ್ದು ಬಂತು. ಪ್ರೇರಣಾ ಉತ್ಸಾಹದಲ್ಲಿ ಮೌಸು ಕಿತ್ತುಕೊಂಡು ಒಂದೊಂದೇ ಏರಿಯಾ ಒತ್ತಿದಳು. ಬೆಹಾಲಾದಲ್ಲಿ ಒಂದು ಮನೆ, ಗರಿಯಾದಲ್ಲಿ ಒಂದು ಮನೆ. ಎಲ್ಲ ಹಳೆಯ ಸಂಸಾರಗಳು, ಎಲ್ಲರೂ ಎಣಿಸಲೊಲ್ಲದವರು. ಟಾಲಿಗಂಜ್ ಒತ್ತಿದಾಗ ಮೇಲೆದ್ದ ಹೆಸರು ನೋಡಿ ಮಾದಪ್ಪ ಅಪರೂಪಕ್ಕೆ ಕುರ್ಚಿ ಬಿಟ್ಟು ಎದ್ದು ಬಂದರು. ಹಿರಿಯಣ್ಣ.

“ಕಾರ್ಯದರ್ಶಿಗಳ ಮನೇಗೂ ಯಾರೂ ಹೋಗಿಲ್ವೇನೋ?”

“ಹೋದ ವಾರ ಫೋನಲ್ಲಿ ಹೇಳಿದ್ರಲ್ಲ,” ಎಂದರು ತುಂಗಮ್ಮ, “ಕೂರೋಕೆ ಜಾಗ ಇರ್ಲಿಲ್ವಂತೆ!”

ಶನಿವಾರ ಸಂಜೆ ಪಟ್ಟಿ ಮುಚ್ಚಿದ ಮೇಲೆ, ಬರುವವರ ಹೆಸರುಗಳು ಮನೆಯವರಿಗೆ ಮಿಂಚಂಚೆಯಲ್ಲಿ ಬರಬೇಕು. ಬಂತು. ಪ್ರೇರಣಾ ಓದಿ ತುಟಿ ಕಚ್ಚಿಕೊಂಡಳು.

“ಅಮ್ಮಾ, ಬತಾವೂಂ? ಎಷ್ಟು ಜನ ಅಂತ?”

“ಹೇಳಿದ್ರೆ ನೋಡು!”

“ಬರೀ ಒಂದು ಹಿಂಟ್?”

“ಕಂಪ್ಯೂಟರ್ ಮುಚ್ಚು.”

ಹೇಳಬೇಡ ಎಂದದ್ದೇನೋ ಸರಿ. ಆದರೆ ಆ ರಾತ್ರಿಯೂ ಮರುದಿನ ಬೆಳಿಗ್ಗೆಯೂ ತುಂಗಮ್ಮ ನಡೆದ ನಡಿಗೆಯನ್ನು ಉದ್ದಕ್ಕೆ ಹಾಸಿದ್ದರೆ ದಕ್ಷಿಣೇಶ್ವರ ಮುಟ್ಟುತ್ತಿತ್ತು. ಮಗಳು ತುಟಿ ಕಚ್ಚಿದ್ದು ನಗೆ ತಡೆಯಲೋ, ಕನಿಕರಕ್ಕೋ? ಒಬ್ಬನೇ ಬರುವುದಾದರೆ? ಅದೂ ಕೋಲಾರದವನೇ ಆದರೆ? ಡಬ್ಬದಿಂದ ಹಿಟ್ಟು ತೆಗೆಯುವಾಗ ಕೈ ತಡೆಯಿತು. ಮತ್ತೆ ಅಂದಾಜಿಗೆ, ಎಂದಿನಂತೆ, ಬೊಗಸೆ ಬೊಗಸೆ ಹಾಕಿದರು. ಕಟ್ಟು ಬಸಿದರು, ಒಗ್ಗರಣೆ ಕೊಟ್ಟರು, ಬಾಲ್ಕನಿಗೆ ಹೋದರು. ಗಾಡಿ ಬಂತು. ಮಂಕಿ ಟೋಪಿ ಹಾಕಿದ ಬಂಗಾಳಿ ಮುದುಕರು ಇಳಿದರು. ಒಳಗೆ ಬಂದರು, ಮತ್ತೆ ಹೋದರು. ಇನ್ನೊಂದು ಗಾಡಿ ಬಂತು, ಹೋಯಿತು. ಎದುರುಮನೆಯ ಬಾಲ್ಕನಿಯಿಂದ “ಬೌದಿ, ಕೀ ಹೋಲೋ?” ಎಂದು ಯಾರೋ ಕೇಳಿದರು. ಏನಾಗಿದೆಯೆಂದು ಹೇಳುವುದು?

“ರಸ್ತೇಲಿ ನೋಡ್ತಾ ಇದೀಯಲ್ಲ,” ಎಂದರು ಮಾದಪ್ಪ ಪೇಪರಿನ ಹಿಂದಿನಿಂದ. “ಮೆಟ್ಟಿಲ ಮೇಲೆ ಗಲಾಟೆ ಕೇಳಿಸ್ತಿಲ್ವಾ?”

ಹುಡುಗರು ಮೆಟ್ರೋದಲ್ಲಿ ಬಂದು, ಆಟೋ ಹಿಡಿದು ಹಿಂಬದಿ ಗಲ್ಲಿಯಲ್ಲಿ ಇಳಿದಿದ್ದರು. ಮುಂದೆ ಕೋಲಾರದವನು. “ಆಂಟೀ, ಅಂಗಡಿ ಮುಚ್ಚಿದೀರ ಅಂದ್ಕೊಂಡಿದ್ವಲ್ಲ! ಎರಡು ತಿಂಗಳಿಂದ ಅನ್ನ ರಸಂ ತಿಂದು ಸೊರಗಿಹೋದೆ ನೋಡಿ.” ಅವನ ಹಿಂದೆ ಹಳಬರು, ಹಳಬರ ಹಿಂದೆ ಹೊಸಬರು, ಹೊಸಬರ ಹಿಂದೆ ಬ್ಯಾಗು ತೂಗಿಕೊಂಡ ಇಬ್ಬರು ಹುಡುಗಿಯರು, “ನಾವು ಮಂಗಳೂರಿನವರು, ಮುದ್ದೆ ನುಂಗ್ಲಿಕ್ಕೆ ಬರೂದಿಲ್ಲ ಆಂಟಿ, ಪರವಾಗಿಲ್ವಾ?” ಎನ್ನುತ್ತ. ಮೆಟ್ಟಿಲು ತುಂಬಿ ಕೆಳಗಿನ ಬಾಗಿಲವರೆಗೆ ಚಪ್ಪಲಿ ಬೂಟು.

ತುಂಗಮ್ಮ ಬಡಿಸಿದರು. ಹಾಲಿನಲ್ಲಿ, ಕೋಣೆಯಲ್ಲಿ, ಮಂಚದ ಮೇಲೆ, ಕೊನೆಗೆ ಮಾದಪ್ಪನ ಕುರ್ಚಿಯಲ್ಲೂ ಒಬ್ಬ ಕೂತಿದ್ದ. ಮಾದಪ್ಪ ಎಂದೂ ಇಲ್ಲದಂತೆ ನೀರಿನ ಜಗ್ಗು ಹಿಡಿದು ಅಡ್ಡಾಡುತ್ತಿದ್ದರು. ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತಾಗ ತುಂಗಮ್ಮನ ಕಣ್ಣು ಮೂಲೆಯಿಂದ ಹೊರಟು ಒಂದು, ಎರಡು, ಮೂರು ಎಂದು ತಲೆಗಳ ಮೇಲೆ ಓಡತೊಡಗಿತು. ಪಟ್ಟನೆ ಕಣ್ಣು ಕೆಳಗಿಳಿಸಿ, ಹತ್ತಿರ ಕೂತವನ ತಟ್ಟೆಗೆ ಸುಮ್ಮನೆ ಎರಡು ಸೌಟು ಸಾರು ಸುರಿದರು.

ಅಡುಗೆಮನೆಗೆ ಮಾದಪ್ಪ ಖಾಲಿ ಜಗ್ಗು ಹಿಡಿದು ಬಂದರು. ಏದುಸಿರು. “ನಾಳೆ ಸೋಮವಾರ ಕಣೇ. ಸಾಹೇಬರಿಗೆ ಏನು ಹೇಳ್ಲಿ?”

ತುಂಗಮ್ಮ ಡಬ್ಬವನ್ನು ಬೋರಲು ಹಾಕಿ ತಳ ತಟ್ಟುತ್ತಿದ್ದರು.

“ರಾಗಿ ಹಿಟ್ಟು ಮುಗೀತು. ಈ ವಾರ ಮೈಸೂರಿಂದ ಬರೋರು ಯಾರಿದಾರೆ ವಿಚಾರಿಸಿ, ದೊಡ್ಡ ಚೀಲಾನೇ ತರ್ಸಿ.”

“ಅದನ್ನ ಸಾಹೇಬರಿಗೆ ಹೇಳ್ಲಾ?”

“ನಿಮ್ಮಿಷ್ಟ. ಕನ್ನಡ ಪೇಪರ್ ಬೇಕಾದ್ರೆ ಅದನ್ನೂ ಚೀಲದ ಜೊತೆ ತರ್ಸೋಣ.”

ಮಾದಪ್ಪ ಒಂದು ಕ್ಷಣ ಹೆಂಡತಿಯನ್ನು ನೋಡಿದರು. ವಾರದ ಹಳೆಯ ಪೇಪರನ್ನು ಓದುವುದು ಅವರಿಗೆ ಹೊಸದಲ್ಲ. ಜಗ್ಗು ತುಂಬಿಸಿಕೊಂಡರು.

ಹಾಲಿನಿಂದ ಕೋಲಾರದವನು ಕೂಗಿದ: “ಆಂಟೀ, ಕೆಳಗೆ ಇನ್ನೂ ಯಾರೋ ಬೆಲ್ ಮಾಡ್ತಿದಾರೆ!”

“ಬಾಗ್ಲು ತೆಗಿಯೋ,” ಎಂದು ತುಂಗಮ್ಮ ಅನ್ನಕ್ಕೆ ಇನ್ನೊಂದು ಪಾತ್ರೆ ಒಲೆಗೇರಿಸಿದರು. ಎಷ್ಟು ಜನವೆಂದು ಕೇಳಲಿಲ್ಲ.